ಎಲ್ಲ ತಂತಿಯೂ ಸ-ಪ

(ಶಾಲೆಯ ಸುವರ್ಣ ಮಹೋತ್ಸವದ ಎರಡನೇ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು 2005ರಲ್ಲಿ ಇಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವನು. ಆಮೇಲೆ ಪಿಯುಸಿ, ಬಿಇ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಈ ಗೋಷ್ಠಿಗೆ ಕರೆದಾಗ ಸಂಘಟಕರು ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಅವಕಾಶಗಳು’ ಎಂಬ ವಿಷಯ ಕೊಟ್ಟಿದ್ದರು. ಅದರ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವವರು ಇದೇ ಸಾಲಿನಲ್ಲಿ ಮೂವರು ಕೂತಿದ್ದಾರೆ. ಹಾಗಾಗಿ ಅನುಮತಿ ಕೇಳಿ ವಿಷಯ ಬದಲಿಸಿಕೊಂಡಿದ್ದೇನೆ. ಕಾಯಿಲೆ ಬಿದ್ದು ಊರಿಗೆ ಬಂದು ಒಂಬತ್ತು ತಿಂಗಳು ನಮ್ಮ ಮನೆಯ ಜಗಲಿಯಲ್ಲಿ ಗಿಟಾರ್ ಹಿಡಿದು ಕೂತಿದ್ದೆನಲ್ಲ, ಅದರ ಬಗ್ಗೆ ಹೇಳುತ್ತೇನೆ. ಊರಿನವರಲ್ಲಿ ಅನೇಕರು ಆಗ ರಸ್ತೆಯಲ್ಲಿ ನಿಂತು ನೋಡಿ ಹೋಗಿದ್ದೀರಿ. ‘ಬೆಂಗಳೂರಿನಲ್ಲಿ ತಲೆಗೆ ಏನೋ ಆಗಿದೆಯಂತೆ’ ಎಂಬ ಮಾತು ನಮ್ಮ ಅಮ್ಮನ ಕಿವಿಗೂ ಬಿದ್ದಿತ್ತು. ತಲೆಗೆ ಏನೂ ಆಗಿರಲಿಲ್ಲ. ಆಗಿದ್ದು ನರಗಳಿಗೆ.

2023ರ ಜುಲೈ ತಿಂಗಳು. ನಾಲ್ಕು ದಿನ ಭೇದಿ, ಜ್ವರ. ಅದು ಬಂದ ಹಾಗೇ ಹೋಯಿತು. ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಏಳುವಾಗ ಪಾದಗಳು ಜೋಮು ಹಿಡಿದಂತಿದ್ದವು. ಸಂಜೆಗೆ ಮೆಟ್ಟಿಲು ಹತ್ತಲು ಕಷ್ಟ. ಮರುದಿನ ಶರ್ಟಿನ ಗುಂಡಿ ಹಾಕಲು ಬೆರಳು ಕೇಳಲಿಲ್ಲ. ಮನೆ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ನಿಶ್ಶಕ್ತಿ ಎಂದು ವಿಟಮಿನ್ ಇಂಜೆಕ್ಷನ್ ಕೊಟ್ಟು ಕಳಿಸಿದರು. ಅದೇ ರಾತ್ರಿ ಬಚ್ಚಲಿನಲ್ಲಿ ಕುಸಿದೆ. ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಕಾಲು ಎಗರಲಿಲ್ಲ. ಇನ್ನೊಂದಕ್ಕೂ ತಟ್ಟಿದರು. ಅದೂ ಎಗರಲಿಲ್ಲ. ಅವರ ಮುಖ ಗಂಭೀರವಾಯಿತು.

ಆ ಕಾಯಿಲೆಯ ಹೆಸರು ಗಿಲಾನ್-ಬಾರೆ ಸಿಂಡ್ರೋಮ್. ಚಿಕ್ಕದಾಗಿ ಜಿಬಿಎಸ್. 2025ರ ಜನವರಿಯಲ್ಲಿ ಪುಣೆಯಲ್ಲಿ ಒಮ್ಮೆಲೇ ಹಲವರಿಗೆ ಬಂದಾಗ ಪೇಪರಿನಲ್ಲಿ ಈ ಹೆಸರು ಓದಿರುತ್ತೀರಿ. ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುವಂಥದ್ದು. ಹೊಟ್ಟೆಯದ್ದೋ ಗಂಟಲಿನದ್ದೋ ಸೋಂಕು ಬಂದಾಗ ಅದರ ಮೇಲೆ ಯುದ್ಧಕ್ಕೆ ಹೊರಟ ದೇಹದ ಸೈನ್ಯ, ಕೆಲವೊಮ್ಮೆ ಗುರುತು ತಪ್ಪಿ ನಮ್ಮದೇ ನರಗಳ ಮೇಲೆ ಬೀಳುತ್ತದೆ. ಕರೆಂಟ್ ವೈರಿಗೆ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದಲ್ಲ, ಹಾಗೆ ನರಕ್ಕೂ ಒಂದು ಹೊದಿಕೆ ಇದೆ. ಅದು ಕಿತ್ತುಹೋದರೆ ಮೆದುಳು ಕಳಿಸಿದ ಸಂದೇಶ ಬೆರಳಿಗೆ ಮುಟ್ಟುವುದಿಲ್ಲ. ಕಾಲಿನಿಂದ ಶುರುವಾಗಿ ಮೇಲಕ್ಕೆ ಹತ್ತುತ್ತದೆ. ಎದೆಯ ಸ್ನಾಯುಗಳನ್ನು ಮುಟ್ಟಿದರೆ ಉಸಿರಾಟಕ್ಕೆ ಯಂತ್ರ ಬೇಕು.

ನಿಮ್ಮಲ್ಲಿ ಯಾರಿಗಾದರೂ ಹೀಗೆ ಎರಡೂ ಕಾಲು ಒಟ್ಟಿಗೆ ಸೋಲುತ್ತಾ ಒಂದೆರಡು ದಿನದಲ್ಲಿ ಮೇಲಕ್ಕೆ ಹತ್ತಿದರೆ, ದೃಷ್ಟಿ ತೆಗೆಸುತ್ತಾ ಕೂರಬೇಡಿ. ತಕ್ಷಣ ನರರೋಗದ ಡಾಕ್ಟರು ಇರುವ ಆಸ್ಪತ್ರೆಗೆ ಹೋಗಿ. ಚಿಕಿತ್ಸೆ ಇದೆ. ಮೊದಲ ಎರಡು ವಾರದೊಳಗೆ ಕೊಟ್ಟರೆ ಹೆಚ್ಚು ಉಪಯೋಗ. ಇದನ್ನು ಹೇಳಲೆಂದೇ ಇಷ್ಟು ವಿವರಿಸಿದೆ.

ನನಗೆ ಐದು ದಿನ ರಕ್ತನಾಳದ ಮೂಲಕ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟರು. ಸಾವಿರಾರು ಜನರ ರಕ್ತದ ದ್ರವ ಕೂಡಿಸಿ ಅದರಿಂದ ತೆಗೆಯುವ ಔಷಧ. ಅದರ ಬೆಲೆ ಲಕ್ಷಗಳ ಲೆಕ್ಕ. ಕಂಪನಿಯ ಇನ್ಷೂರೆನ್ಸ್ ಒಂದು ಭಾಗ ಕೊಟ್ಟಿತು. ಉಳಿದದ್ದಕ್ಕೆ ಅಪ್ಪ ಅಡಿಕೆ ಮಂಡಿಯಲ್ಲಿ ಮುಂಗಡ ತಂದರು. ಕೊಯ್ಲಿಗೆ ಇನ್ನೂ ಮೂರ್ನಾಲ್ಕು ತಿಂಗಳಿತ್ತು.

ಐಸಿಯುನಲ್ಲಿ ದಿನಕ್ಕೆ ಐದಾರು ಸಲ ಒಂದು ಪರೀಕ್ಷೆ ಮಾಡುತ್ತಿದ್ದರು. ಉಸಿರು ಪೂರ್ತಿ ಎಳೆದುಕೊಂಡು, ಮಧ್ಯೆ ಬಿಡದೆ, ಒಂದು ಎರಡು ಮೂರು ಎಂದು ಎಷ್ಟರವರೆಗೆ ಆಗುತ್ತದೋ ಅಷ್ಟು ಎಣಿಸಬೇಕು. ಉಸಿರಾಟದ ಬಲ ಕುಂದುತ್ತಿದೆಯೇ ಎಂದು ತಿಳಿಯಲು ಅದೊಂದು ಸರಳ ದಾರಿ. ಮೊದಲ ದಿನ 26. ಮರುದಿನ 19. ಮೂರನೇ ದಿನ ಬೆಳಿಗ್ಗೆ 15. ಯಂತ್ರವನ್ನು ಮಂಚದ ಪಕ್ಕಕ್ಕೆ ತಂದು ನಿಲ್ಲಿಸಿದ್ದರು. ಕೇರಳದ ನರ್ಸ್ ಒಬ್ಬರು ನನ್ನ ಜೊತೆ ಕನ್ನಡದಲ್ಲೇ ಎಣಿಸುತ್ತಾ ಹದಿನೈದರವರೆಗೆ ಕಲಿತುಬಿಟ್ಟಿದ್ದರು. ನಾಲ್ಕನೇ ದಿನ 16 ಆದಾಗ ‘ಮುಂದಿನದು ನನಗೆ ಗೊತ್ತಿಲ್ಲ, ನೀವೇ ಹೇಳಿ’ ಎಂದರು. ಅಲ್ಲಿಂದ ಮೇಲೆ ಇಳಿಯಲಿಲ್ಲ. ಯಂತ್ರ ಬೇಕಾಗಲಿಲ್ಲ.

ಒಟ್ಟು 23 ದಿನ ಆಸ್ಪತ್ರೆ. ಆಮೇಲೆ ಗಾಲಿಕುರ್ಚಿಯಲ್ಲಿ ಊರಿಗೆ ಬಂದೆ. ಆಗಸ್ಟ್ ಮಳೆ. ನಮ್ಮ ಮನೆ ನಿಮಗೆ ಗೊತ್ತು, ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು. ಪಕ್ಕದ ಮನೆಯವರು ಇಬ್ಬರು ಬಂದು ಎತ್ತಿ ಕೂರಿಸಿದರು.

ಈಗ ಗಿಟಾರಿನ ವಿಷಯ. ಅದು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಡದ್ದು. ನೈಲಾನ್ ತಂತಿಯದು. ನಾಲ್ಕಾರು ಹಾಡು ಬರುವಷ್ಟು ಕಲಿತಿದ್ದೆ, ಆಮೇಲೆ ಬೆಂಗಳೂರಿನ ಬಾಡಿಗೆ ಮನೆಯ ಗೋಡೆಯಲ್ಲಿ ನೇತಾಡುತ್ತಿತ್ತು. ಊರಿಗೆ ಬರುವಾಗ ಕಾರಿನಲ್ಲಿ ಗಾಲಿಕುರ್ಚಿ, ಔಷಧಿ ಡಬ್ಬ, ಮಗಳ ಪುಸ್ತಕದ ಚೀಲಗಳ ಮಧ್ಯೆ ಅದೂ ಇತ್ತು. ‘ಇದು ಯಾಕೆ ಬೇಕಿತ್ತು ಈಗ?’ ಎಂದೆ. ‘ಗೋಡೆಯ ಮೊಳೆ ಸಡಿಲಾಗಿತ್ತು ಕಣ್ರೀ, ಬಿದ್ದು ಒಡೆದುಹೋಗುತ್ತೆ ಅಂತ ತಂದೆ’ ಎಂದಳು ನನ್ನ ಹೆಂಡತಿ. ಇವತ್ತಿಗೂ ಅದೇ ಉತ್ತರ.

ಕಾಯಿಲೆ ಬಿದ್ದವರಿಗೆ ಸ್ನೇಹಿತರು ವಾಟ್ಸಾಪ್‌ನಲ್ಲಿ ಸ್ಫೂರ್ತಿ ಕಥೆ ಕಳಿಸುತ್ತಾರೆ. ಗಿಟಾರ್ ಮನೆಯಲ್ಲಿದೆ ಎಂದು ತಿಳಿದ ಮೇಲೆ ನನಗೆ ಎರಡು ಕಥೆ ಎಷ್ಟು ಸಲ ಬಂದವೋ ಲೆಕ್ಕವಿಲ್ಲ. ಒಂದು ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನದು. ಫ್ರಾನ್ಸಿನಲ್ಲಿ 1928ರಲ್ಲಿ ಅವನು ವಾಸವಿದ್ದ ಗಾಡಿಗೆ ಬೆಂಕಿ ಬಿದ್ದು ಎಡಗೈಯ ಉಂಗುರ ಬೆರಳು, ಕಿರುಬೆರಳು ಹೆಚ್ಚುಕಡಿಮೆ ನಿಷ್ಪ್ರಯೋಜಕವಾದವು. ಆಗ ಅವನಿಗೆ 18 ವರ್ಷ. ಉಳಿದ ಎರಡು ಬೆರಳಿನಲ್ಲೇ ಹೊಸ ಕ್ರಮ ಕಂಡುಕೊಂಡು ಜಗತ್ಪ್ರಸಿದ್ಧನಾದ. ಇನ್ನೊಂದು ಟೋನಿ ಐಯೋಮಿಯದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಒಂದು ಕಾರ್ಖಾನೆಯಲ್ಲಿ 1965ರಲ್ಲಿ, ಕೆಲಸದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿ ಎರಡು ಬೆರಳಿನ ತುದಿ ಹೋದವು. ಅವನಿಗೆ ಧೈರ್ಯ ತುಂಬಲು ಅಲ್ಲಿನ ಮ್ಯಾನೇಜರ್ ಕೇಳಿಸಿದ್ದು ಇದೇ ಜಾಂಗೋನ ರೆಕಾರ್ಡು. ಐಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು ಮತ್ತೆ ನುಡಿಸಿದ, ಬ್ಲ್ಯಾಕ್ ಸಬಾತ್ ಎಂಬ ತಂಡದಲ್ಲಿ ದೊಡ್ಡ ಹೆಸರು ಮಾಡಿದ.

ಎರಡೂ ನಿಜವಾದ ಕಥೆಗಳೇ, ಒಳ್ಳೆಯ ಕಥೆಗಳೇ. ಆದರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಅಮ್ಮನನ್ನು ಕೂಗಬೇಕಾದವನಿಗೆ ಇವು ಹೇಗೆ ಕೇಳಿಸುತ್ತವೆ ಗೊತ್ತೇ? ‘ಅವರು ಮಾಡಿದರು, ನೀನು ಯಾವಾಗ?’ ಎಂದು ಕೇಳಿದ ಹಾಗೆ. ನಾನು ಜಾಂಗೋ ಆಗಬೇಕಾಗಿರಲಿಲ್ಲ. ಲೋಟ ಹಿಡಿದು ಕಾಫಿ ಕುಡಿಯಬೇಕಾಗಿತ್ತು. ದಯವಿಟ್ಟು ಕಾಯಿಲೆಯವರಿಗೆ ಇಂಥವನ್ನು ಸ್ವಲ್ಪ ಕಡಿಮೆ ಕಳಿಸಿ.

ಆದರೂ ಐಯೋಮಿಯ ಕಥೆಯಲ್ಲಿ ಒಂದು ತಾಂತ್ರಿಕ ವಿವರ ನನಗೆ ಉಪಯೋಗಕ್ಕೆ ಬಂತು. ನೋವು ಕಡಿಮೆಯಾಗಲೆಂದು ಅವನು ತೆಳು ತಂತಿ ಹಾಕಿಕೊಂಡ, ಆಮೇಲೆ ತಂತಿಗಳ ಬಿಗಿಯನ್ನೂ ಇಳಿಸಿಕೊಂಡ. ಬಿಗಿ ಇಳಿಸಬಹುದು ಎಂದಾದರೆ, ಬೆರಳು ಒತ್ತುವುದೇ ಬೇಡವಾದ ಹಾಗೆ ಶ್ರುತಿ ಮಾಡಿದರೆ? ಸಾಮಾನ್ಯವಾಗಿ ಗಿಟಾರಿನ ಆರು ತಂತಿಗೆ ದಪ್ಪದಿಂದ ತೆಳ್ಳಗೆ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿ. ಎಡಗೈ ಬೆರಳಿನಿಂದ ಅಲ್ಲಲ್ಲಿ ಒತ್ತದೆ ಹಾಗೇ ಮೀಟಿದರೆ ಹಾಡಿಗೆ ಒಗ್ಗುವುದಿಲ್ಲ. ಅದನ್ನು ಡಿ, ಎ, ಡಿ, ಎ, ಎ, ಡಿ ಎಂದು ಬದಲಿಸಿಕೊಳ್ಳಬಹುದು. ಅಂದರೆ ಡಿಯನ್ನು ಷಡ್ಜ ಎಂದುಕೊಂಡರೆ ಸ, ಪ, ಸ, ಪ, ಪ, ಸ. ಎಡಗೈ ಬೇಕಾಗಿಯೇ ಇಲ್ಲ. ಬಲಗೈ ಹೆಬ್ಬೆರಳು ಮೇಲಿಂದ ಕೆಳಕ್ಕೆ ಜಾರಿದರೆ ತಂಬೂರಿ.

ಬಿರಡೆ ತಿರುಗಿಸಲು ನನಗೆ ಬಲವಿರಲಿಲ್ಲ. ಫೋನಿನಲ್ಲಿ ಶ್ರುತಿ ತೋರಿಸುವ ಆಪ್ ಹಾಕಿಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು, ಪಂಪ್‌ಸೆಟ್ಟಿನ ನಟ್ಟು ಬಿಗಿಮಾಡುವ ಗಾಂಭೀರ್ಯದಲ್ಲಿ ಒಂದೊಂದೇ ತಿರುಗಿಸಿದರು. ಮುಳ್ಳು ಮಧ್ಯಕ್ಕೆ ಬಂದಾಗ ಹಸಿರು ದೀಪ ಹತ್ತುತ್ತದೆ. ಆರೂ ಹಸಿರಾಗಲು ಮುಕ್ಕಾಲು ಗಂಟೆ ಹಿಡಿಯಿತು.

ಮೊದಲು ನನಗೆ ಮೀಟಲೂ ಆಗುತ್ತಿರಲಿಲ್ಲ. ಗಿಟಾರನ್ನು ನನ್ನ ತೊಡೆಯ ಮೇಲೆ ಅಡ್ಡ ಮಲಗಿಸಿ, ಮಗಳು ಪಕ್ಕದಲ್ಲಿ ಕೂತು ಮೀಟುತ್ತಿದ್ದಳು. ಅವಳಿಗೆ ಆಗ ಆರು ವರ್ಷ. ಮರದ ಪೆಟ್ಟಿಗೆಯ ನಡುಕ ತೊಡೆಗೆ ತಾಗುತ್ತಿತ್ತು. ಜೋಮು ಹಿಡಿದ ಕಾಲಿಗೆ ಅದು ಗೊತ್ತಾಗುತ್ತದೆಯೋ ಇಲ್ಲವೋ ಎಂದು ಅವಳೇ ಕೇಳುತ್ತಿದ್ದಳು. ‘ಅಪ್ಪಾ, ಈಗ ಗೊತ್ತಾಯ್ತಾ? ಈಗ?’ ಹದಿನೈದು ದಿನ ಕಳೆದ ಮೇಲೆ ನನ್ನ ಹೆಬ್ಬೆರಳು ಅವಳ ಕೆಲಸ ವಹಿಸಿಕೊಂಡಿತು.

ನಾಲ್ಕೈದು ಸಂಜೆ ಇದು ನಡೆದ ಮೇಲೆ ಅಪ್ಪ ಒಳಗಿನಿಂದ ಬಂದು, ‘ಒಂದೇ ಸಮ ಗುಂಯ್ ಅನ್ನಿಸ್ತೀಯಲ್ಲ ಮಾರಾಯ, ಅದಕ್ಕೆ ಹಾಡು ಗೀಡು ಏನೂ ಇಲ್ವಾ?’ ಎಂದರು. ‘ನೀವು ಹೇಳಿ’ ಎಂದೆ. ಹೇಳಲಿಲ್ಲ, ಕೊಟ್ಟಿಗೆಗೆ ಹೋದರು. ಹಾಡಿದ್ದು ಅಮ್ಮ. ಮದುವೆಮನೆಗಳಲ್ಲಿ ಹೇಳುವ ಸೋಬಾನೆ ಪದ, ಅಡಿಕೆ ಸುಲಿಯುತ್ತಾ ಕೇಳಿ ಕಲಿತದ್ದು. ಡಿ ಶ್ರುತಿ ಅಮ್ಮನಿಗೆ ತಗ್ಗಾಯಿತು. ಅದಕ್ಕೆ ಒಂದು ಉಪಾಯವಿದೆ. ಕೇಪೋ ಎಂಬ ಕ್ಲಿಪ್ಪನ್ನು ಗಿಟಾರಿನ ಕುತ್ತಿಗೆಗೆ ಹಾಕಿದರೆ ಎಲ್ಲ ತಂತಿಯೂ ಒಟ್ಟಿಗೆ ಏರುತ್ತವೆ. ನನ್ನ ಹೆಂಡತಿ ಅದನ್ನು ಹಿಂದೆ ಮುಂದೆ ಸರಿಸಿ ನೋಡಿ ನಾಲ್ಕನೇ ಪಟ್ಟಿಯ ಹತ್ತಿರ ಹಾಕಿದಳು. ಅಮ್ಮನ ಧ್ವನಿ ಕೂತಿತು. ಆಮೇಲೆ ಸಂಜೆ ಕರೆಂಟು ಹೋದಾಗಲೆಲ್ಲ ಇದೇ ಕೆಲಸ. ಆಗಸ್ಟಿನಲ್ಲಿ ನಮ್ಮೂರಲ್ಲಿ ಕರೆಂಟು ಎಷ್ಟು ಹೋಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಇಲ್ಲಿ ಒಂದು ಸ್ಪಷ್ಟನೆ. ಗಿಟಾರ್ ನನ್ನನ್ನು ವಾಸಿ ಮಾಡಿತು ಎಂದು ನಾನು ಹೇಳುತ್ತಿಲ್ಲ. ವಾಸಿ ಮಾಡಿದ್ದು ಔಷಧ, ಫಿಸಿಯೋಥೆರಪಿ, ಮತ್ತೆ ಕಾಲ. ಕಿತ್ತ ಹೊದಿಕೆ ಬೇಗ ಕೂಡಿಕೊಳ್ಳುತ್ತದೆ, ಆದರೆ ಒಳಗಿನ ನರದ ಎಳೆಯೇ ಹಾಳಾಗಿದ್ದರೆ ಅದು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮೊಣಕೈಯಿಂದ ಬೆರಳ ತುದಿಗೆ ನನ್ನ ಕೈ 45 ಸೆಂಟಿಮೀಟರ್. ಲೆಕ್ಕ ಹಾಕಿಕೊಳ್ಳಿ. ಅವಸರ ಮಾಡಿದರೆ ಬೇಗ ಬೆಳೆಯುವುದಿಲ್ಲ, ಸುಸ್ತು ಹೆಚ್ಚುತ್ತದೆ. ‘ಆಯಾಸವಾಗುವ ಮುಂಚೆ ನಿಲ್ಲಿಸಿ’ ಎಂದೇ ಫಿಸಿಯೋಥೆರಪಿಸ್ಟ್ ಹೇಳಿದ್ದರು. ಹಾಗಾಗಿ ಗಿಟಾರ್ ದಿನಕ್ಕೆ ಹತ್ತು ನಿಮಿಷ, ಅಷ್ಟೇ.

ಆದರೆ ಆ ಹತ್ತು ನಿಮಿಷಕ್ಕೂ ಉಳಿದ ದಿನಕ್ಕೂ ಒಂದು ವ್ಯತ್ಯಾಸವಿತ್ತು. ಉಳಿದ ದಿನವೆಲ್ಲ ಅಳತೆ. ಎಡಗೈ ಹಿಡಿತ 6 ಕೆ.ಜಿ., ಬಲಗೈ 9 ಕೆ.ಜಿ., ಎಷ್ಟು ಹೆಜ್ಜೆ, ಎಷ್ಟು ಸೆಕೆಂಡು ನಿಂತೆ, ಎಲ್ಲ ಪಟ್ಟಿಯಲ್ಲಿ ಬರೆಯಬೇಕು. ಆಫೀಸಿನಿಂದ ಬರುವ ಮೇಲ್ ಕೂಡ ಅಳತೆಯೇ, ಯಾವ ತಾರೀಖಿಗೆ ವಾಪಸು, ಯಾವ ಪ್ರಮಾಣಪತ್ರ. ಇನ್ನೊಬ್ಬರು ಅಳೆಯುವುದನ್ನು ಎದುರಿಸುವುದರಲ್ಲೇ ನಾನು ಮೂವತ್ತು ವರ್ಷ ಕಳೆದಿದ್ದೆ. ಯೂನಿಟ್ ಟೆಸ್ಟ್, ಎಸ್‌ಎಸ್‌ಎಲ್‌ಸಿ, ಸಿಇಟಿ ರ‍್ಯಾಂಕ್, ಕಂಪನಿಯಲ್ಲಿ ವರ್ಷಕ್ಕೊಮ್ಮೆ ರೇಟಿಂಗ್. ಜಗಲಿಯಲ್ಲಿ ಯಾರೂ ಅಳೆಯುತ್ತಿರಲಿಲ್ಲ. ಶ್ರುತಿ ತಪ್ಪಿದರೆ ಅಮ್ಮ ಹುಬ್ಬು ಗಂಟಿಕ್ಕುತ್ತಿದ್ದರು, ಅಷ್ಟೇ. ನನ್ನ ಬೆರಳು ನಿನ್ನೆಗಿಂತ ಇಂದು ಎಷ್ಟು ಚುರುಕು ಎಂದು ಅವರು ಒಂದು ದಿನವೂ ಕೇಳಲಿಲ್ಲ. ಬೀನ್ಸ್ ಬಿಡಿಸುತ್ತಾ ಹಾಡುತ್ತಿದ್ದರು.

ಅಳತೆಯಲ್ಲಿ ಖುಷಿಯ ಜಾತಿಯೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಒಂಬತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಬೆಂಚಿಗೆ ತಂತಿ ಕಟ್ಟಿ, ತುದಿಗೆ ಕಲ್ಲು ನೇತುಹಾಕಿ, ಉದ್ದ ಅರ್ಧವಾದರೆ ಕಂಪನ ಎರಡರಷ್ಟು ಎಂದು ತೋರಿಸಿದ್ದರು. ಅವರು ಇವತ್ತು ಎದುರಿಗೇ ಕೂತಿದ್ದಾರೆ. ಸರ್, ಅದನ್ನು ನಾನು ನನ್ನ ಮಗಳಿಗೆ ಗಿಟಾರಿನ ಮೇಲೆ ತೋರಿಸಿದೆ. ನನ್ನ ಗಿಟಾರಿನ ತಂತಿ 65 ಸೆಂ.ಮೀ. ಹನ್ನೆರಡನೇ ಲೋಹದ ಪಟ್ಟಿ ಎಲ್ಲಿದೆ ಎಂದು ಸ್ಕೇಲಿನಲ್ಲಿ ಅಳೆದಳು. ಮೂವತ್ತೆರಡೂವರೆ! ಅಲ್ಲಿ ಒತ್ತಿದರೆ ಅದೇ ಸ್ವರ, ಮೇಲಿನ ಸ್ಥಾಯಿಯಲ್ಲಿ. ಅಲ್ಲಿಯವರೆಗಿನ ಪಟ್ಟಿಗಳ ನಡುವಿನ ಅಂತರ ಒಂದೇ ಸಮ ಇಲ್ಲ. ಮೊದಲನೆಯದಕ್ಕೆ ಸುಮಾರು 36 ಮಿ.ಮೀ., ಆಮೇಲೆ ಪ್ರತಿಯೊಂದೂ ಹಿಂದಿನದಕ್ಕಿಂತ ಸ್ವಲ್ಪ ಕಿರಿದು. ಉಳಿದ ತಂತಿಯ ಉದ್ದವನ್ನು ಪ್ರತಿಸಲ ಸುಮಾರು 17.8ರಿಂದ ಭಾಗಿಸುತ್ತಾ ಹೋದರೆ ಮುಂದಿನ ಪಟ್ಟಿಯ ಜಾಗ ಸಿಗುತ್ತದೆ. ಹನ್ನೆರಡು ಸಲ ಭಾಗಿಸಿದರೆ ಸರಿಯಾಗಿ ಅರ್ಧಕ್ಕೆ ಬಂದು ನಿಲ್ಲುತ್ತದೆ. ಮಕ್ಕಳೇ, ಕ್ಯಾಲ್ಕುಲೇಟರ್ ಇದ್ದರೆ ಮನೆಯಲ್ಲಿ ಮಾಡಿ ನೋಡಿ.

ಇನ್ನೊಂದು ಸಂಗತಿ ಅಪ್ಪನಿಗೆ ಬಹಳ ಹಿಡಿಸಿತ್ತು. ಒಳ್ಳೆಯ ಗಿಟಾರುಗಳ ಬೆನ್ನು, ಪಕ್ಕ, ಕುತ್ತಿಗೆಯ ಮೇಲ್ಪಟ್ಟಿಗೆ ಜಗತ್ತಿನಾದ್ಯಂತ ಬಳಸುವ ಮರಗಳಲ್ಲಿ ನಮ್ಮ ಪಶ್ಚಿಮ ಘಟ್ಟದ ಬೀಟೆಯೂ ಒಂದು. ಮೊದಲು ಬ್ರೆಜಿಲ್ ದೇಶದ ಬೀಟೆಗೆ ಬೇಡಿಕೆ ಇತ್ತು. ಅದು ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬದಲಾಯಿತು. ಇದನ್ನು ಹೇಳಿದ ಮೇಲೆ ಅಪ್ಪ ನನ್ನ ಗಿಟಾರನ್ನು ತಿರುಗಿಸಿ, ಉಗುರಿನಿಂದ ಕೆರೆದು, ಮೂಸಿ ನೋಡಿ, ‘ಇದು ಪ್ಲೈವುಡ್ಡು’ ಎಂದು ತೀರ್ಪು ಕೊಟ್ಟರು. ಕೊಟ್ಟ ದುಡ್ಡಿಗೆ ಅದು ಪ್ಲೈವುಡ್ಡೇ.

ಅಪ್ಪನ ಬಗ್ಗೆ ಒಂದು ಮಾತು. ಅವರು ಪ್ರಾಯದಲ್ಲಿ ದೀಪಾವಳಿಗೆ ಅಂಟಿಗೆ-ಪಂಟಿಗೆ ತಂಡದಲ್ಲಿ ಮುಂದೆ ನಿಂತು ಪದ ಹೇಳುತ್ತಿದ್ದರಂತೆ. ಇಲ್ಲಿ ಕೂತಿರುವ ಹಿರಿಯರಿಗೆ ನೆನಪಿರುತ್ತದೆ. ನಾನು ನೋಡಿದ್ದು ಕಡಿಮೆ. ತಂಡ ಒಡೆದು, ಕೆಲವರು ಪೇಟೆ ಸೇರಿ, ಅವರೂ ಬಿಟ್ಟಿದ್ದರು. ನನ್ನ ಕಾಯಿಲೆಯ ದಿನಗಳಲ್ಲಿ ಅವರು ಮಾತೇ ಕಡಿಮೆ ಮಾಡಿದ್ದರು. ಮಂಡಿಯ ಸಾಲ, ನನ್ನ ಕೆಲಸ, ಯಾವುದರ ಬಗ್ಗೆಯೂ ಬಾಯಿ ಬಿಡುತ್ತಿರಲಿಲ್ಲ. ಸೆಪ್ಟೆಂಬರಿನ ಒಂದು ಸಂಜೆ ಅಮ್ಮ ಹಾಡು ಮುಗಿಸಿ ಒಲೆ ನೋಡಲು ಒಳಗೆ ಹೋದರು. ನಾನು ಮೀಟುತ್ತಲೇ ಇದ್ದೆ. ಕತ್ತಲಲ್ಲಿ ಬಾಗಿಲ ಕಡೆಯಿಂದ ಅಪ್ಪ ಶುರುಮಾಡಿದರು. ಒಂದೊಂದು ಸಾಲೂ ಬಹಳ ಉದ್ದ, ಮಧ್ಯೆ ಉಸಿರು ಬಿಡುವಂತಿಲ್ಲ. ನಾನು ಅಭ್ಯಾಸಬಲದಿಂದ ಒಳಗೊಳಗೇ ಎಣಿಸುತ್ತಿದ್ದೆ. ಇಪ್ಪತ್ತೆಂಟು. ಅರವತ್ತಾರು ವರ್ಷದ ಮನುಷ್ಯ. ‘ಹಿಂದಿನ ಸಾಲು ನೀನು ಹೇಳು’ ಎಂದರು. ಆ ಪದಗಳ ಕ್ರಮವೇ ಹಾಗೆ, ಮುಂದಿನವರು ಹೇಳಿದ್ದನ್ನು ಹಿಂದಿನವರು ತಿರುಗಿ ಹೇಳಬೇಕು. ನನ್ನ ಉಸಿರು ಅರ್ಧ ಸಾಲಿಗೆ ಮುಗಿಯಿತು. ಉಳಿದರ್ಧ ಒಳಗಿನಿಂದ ಅಮ್ಮ ಹೇಳಿದರು.

ಆ ವರ್ಷ ದೀಪಾವಳಿಗೆ ಪಕ್ಕದ ಊರಿನ ತಂಡ ನಮ್ಮ ಮನೆಗೆ ಬಂತು. ರಾತ್ರಿ ಹನ್ನೆರಡು ದಾಟಿತ್ತು. ದೀಪ ಹಿಡಿದು ಅಂಗಳದಲ್ಲಿ ನಿಂತು ಬಾಗಿಲು ತೆಗೆಸುವ ಪದ ಹೇಳಿದರು. ನಾನು ಕೋಲು ಹಿಡಿದು ಹೊಸ್ತಿಲವರೆಗೆ ನಡೆದು ಹೋದೆ. ಅಪ್ಪ ದೀಪಕ್ಕೆ ಎಣ್ಣೆ ಎರೆದು, ಒಳಗೆ ಬಾರದೆ ಅವರ ಜೊತೆಯಲ್ಲೇ ನಿಂತುಬಿಟ್ಟರು. ನಾಲ್ಕು ಪದ ಹೇಳಿದರು. ಗಿಟಾರ್ ಒಳಗೆ ಚಾಪೆಯ ಮೇಲಿತ್ತು. ತಂಡದ ಹುಡುಗನೊಬ್ಬ ‘ಅಣ್ಣಾ, ತಗೊಂಡು ಬನ್ನಿ, ಫ್ಯೂಷನ್ ಮಾಡೋಣ, ವಿಡಿಯೊ ಚೆನ್ನಾಗಿ ಬರುತ್ತೆ’ ಎಂದ. ಬೇಡ ಎಂದೆ. ಆ ಪದಕ್ಕೆ ಅದರದ್ದೇ ಶ್ರುತಿ ಇದೆ, ಹಿಂದೆ ತಿರುಗಿ ಹೇಳುವವರೇ ಅದರ ವಾದ್ಯ. ಜಗಲಿಯಲ್ಲಿ ನಾವು ಮಾಡುತ್ತಿದ್ದದ್ದು ಬೇರೆ, ಅದು ಮನೆಯ ಮಟ್ಟಿಗೆ. ನಮ್ಮ ಆ ಹಾಡುಗಳ ಒಂದು ರೆಕಾರ್ಡಿಂಗ್ ಕೂಡ ನನ್ನ ಫೋನಿನಲ್ಲಿಲ್ಲ. ಇದ್ದಿದ್ದರೂ ನಿಮಗೆ ಕೇಳಿಸುವಷ್ಟು ಚೆನ್ನಾಗಿರುತ್ತಿರಲಿಲ್ಲ.

2024ರ ಮೇ ತಿಂಗಳಲ್ಲಿ ಕೆಲಸಕ್ಕೆ ವಾಪಸು ಹೋದೆ. ಈಗ ನಡೆಯುತ್ತೇನೆ, ಟೈಪ್ ಮಾಡುತ್ತೇನೆ. ಎಡ ಪಾದದ ಬೆರಳುಗಳಲ್ಲಿ ಇನ್ನೂ ಜೋಮು ಇದೆ, ಸಂಜೆಗೆ ಬೇರೆಯವರಿಗಿಂತ ಬೇಗ ಸುಸ್ತಾಗುತ್ತೇನೆ. ಮಂಡಿಯ ಸಾಲ ಈ ಸುಗ್ಗಿಗೆ ತೀರುತ್ತದೆ. ಗಿಟಾರಿನಲ್ಲಿ ಮಾಮೂಲಿ ಶ್ರುತಿಯ ಹಾಡುಗಳೂ ಮತ್ತೆ ಬರುತ್ತವೆ, ಆದರೆ ಊರಿಗೆ ಬಂದಾಗ ಸ-ಪಕ್ಕೆ ಇಳಿಸುವುದು ಅಪ್ಪನ ಕೆಲಸವೇ.

ಕೊನೆಯದಾಗಿ, ನಮ್ಮ 2005ರ ಬ್ಯಾಚಿನವರು ಸೇರಿ ಶಾಲೆಗೆ ಎರಡು ನೈಲಾನ್ ತಂತಿಯ ಗಿಟಾರ್, ಒಂದು ಹಾರ್ಮೋನಿಯಂ ಕೊಡುತ್ತಿದ್ದೇವೆ. ಮುಖ್ಯೋಪಾಧ್ಯಾಯರಲ್ಲಿ ಎರಡು ವಿನಂತಿ ಮಾಡಿ, ಅವರು ಒಪ್ಪಿದ ಮೇಲೆಯೇ ತಂದಿದ್ದೇವೆ. ಒಂದು, ಇವುಗಳನ್ನು ಗ್ಲೋಬು, ಮೈಕ್ರೋಸ್ಕೋಪುಗಳ ಜೊತೆ ಬೀರುವಿನೊಳಗೆ ಇಟ್ಟು ಬೀಗ ಹಾಕಬಾರದು. ನಮ್ಮ ಕಾಲದಲ್ಲಿ ಆ ಮೈಕ್ರೋಸ್ಕೋಪನ್ನು ನಾವು ಗಾಜಿನ ಆಚೆಯಿಂದ ಮೂರು ವರ್ಷ ನೋಡಿದ್ದೇವೆ. ಎರಡು, ಪ್ರತಿಭಾ ಕಾರಂಜಿಗೆ ತಯಾರಿ ಮಾಡುವ ಮಕ್ಕಳಿಗೆ ಬೇರೆ ಸಮಯ ಇರಲಿ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಒಂದು ಗಂಟೆ ಯಾವ ಮಗು ಬೇಕಾದರೂ, ಬರುತ್ತದೋ ಬರುವುದಿಲ್ಲವೋ ಕೇಳದೆ, ಮುಟ್ಟಲಿ, ಮೀಟಲಿ. ಒಂದು ಗಿಟಾರಿಗೆ ಮಾಮೂಲಿ ಶ್ರುತಿ ಮಾಡಿದ್ದೇವೆ, ಇನ್ನೊಂದಕ್ಕೆ ಸ-ಪ. ಯಾವ ತಂತಿಗೆ ಯಾವ ಸ್ವರ ಎಂದು ಕಾಗದದಲ್ಲಿ ಬರೆದು ಹಿಂಬದಿಗೆ ಅಂಟಿಸಿದೆ. ಆ ಅಕ್ಷರ ನನ್ನ ಮಗಳದು. ಪೆಟ್ಟಿಗೆಯಲ್ಲಿ ಎರಡು ಸೆಟ್ ಹೆಚ್ಚಿನ ತಂತಿ ಇದೆ. ಅದು ಮುಗಿದರೆ ನಮ್ಮ ಅಪ್ಪನಿಗೆ ಹೇಳಿ ಕಳಿಸಿ, ಹಾಕುವುದು ಅವರಿಗೆ ಬರುತ್ತದೆ.